ಇಂಗ್ಲಿಷ್ ಬರಹ ತಿದ್ದಿದ ಮೇಷ್ಟರು: ಹೆನ್ರಿ ಫೌಲರ್

ಇಂಗ್ಲಿಷಿನಲ್ಲಿ ಒಂದು ಅರ್ಜಿಯನ್ನೋ ಕಚೇರಿಯ ಪತ್ರವನ್ನೋ ಬರೆದು ಮುಗಿಸಿದ ಮೇಲೆ, ಕಳುಹಿಸುವ ಮುನ್ನ ಒಂದು ಕ್ಷಣ ಅಳುಕುವುದು ನಮ್ಮಲ್ಲಿ ಬಹಳ ಮಂದಿಯ ಅನುಭವ. ಇಲ್ಲಿ ಕಾಮಾ ಬೇಕಿತ್ತೇ, ಬೇಡವಾಗಿತ್ತೇ? ‘ದಟ್’ ಸರಿಯೋ, ‘ವಿಚ್’ ಸರಿಯೋ? ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬಂದರೆ ಓದುವವರು ನಕ್ಕಾರೇ? ಕಲಿತ ಭಾಷೆಯಲ್ಲಿ ಬರೆಯುವವರಿಗೆ ಮಾತ್ರ ಈ ಅಳುಕು ಎಂದು ನಾವು ಭಾವಿಸಿರುತ್ತೇವೆ. ವಾಸ್ತವವಾಗಿ ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರನ್ನೂ ಅದು ತಲೆತಲಾಂತರದಿಂದ ಕಾಡಿದೆ.

ಆ ಅಳುಕಿನಲ್ಲಿ ನ್ಯಾಯವಾದದ್ದು ಎಷ್ಟು, ಬರಿಯ ಮೂಢನಂಬಿಕೆ ಎಷ್ಟು ಎಂದು ವಿಂಗಡಿಸಿ ತೋರಿಸಿದವರು ಹೆನ್ರಿ ವಾಟ್ಸನ್ ಫೌಲರ್. 1926ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದ ಅವರ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ಗ್ರಂಥಕ್ಕೆ ಕಾಲಕ್ರಮೇಣ ಲೇಖಕರ ಹೆಸರೇ ಹೆಸರಾಯಿತು. ಬರಹದ ಬಗ್ಗೆ ವಿವಾದ ಎದ್ದಾಗ ‘ಫೌಲರ್’ ತೆಗೆದು ನೋಡುವುದು ಪತ್ರಿಕಾಲಯಗಳಲ್ಲಿ, ನ್ಯಾಯಾಲಯಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ರೂಢಿಯಾಯಿತು. ಭಾರತದ ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಮೇಜುಗಳಿಗೂ ಆ ಪುಸ್ತಕ ಅಪರಿಚಿತವಾಗಿರಲಿಲ್ಲ. ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಇರುವ ‘ಕನ್ಸೈಸ್ ಆಕ್ಸ್‌ಫರ್ಡ್ ಡಿಕ್ಷನರಿ’ಯ ಮೂಲ ಶಿಲ್ಪಿಗಳೂ ಇವರು ಮತ್ತು ಇವರ ತಮ್ಮ. ಪುಸ್ತಕಗಳು ಇಷ್ಟು ಮನೆಮಾತಾದರೂ ಅವುಗಳ ಹಿಂದಿದ್ದ ಮನುಷ್ಯನ ಬಾಳು ಬಹುಮಂದಿಗೆ ತಿಳಿಯದು. ಆ ಬಾಳನ್ನು ಅರಿಯದೆ ಅವರ ನಿಯಮಗಳ ಒಳಗುಟ್ಟೂ ಪೂರ್ತಿ ತಿಳಿಯುವುದಿಲ್ಲ.

ಪಾದ್ರಿಯ ಮಗ, ಶಾಲೆಯ ಮೇಷ್ಟರು

ಹೆನ್ರಿ ಫೌಲರ್ ಜನಿಸಿದ್ದು 1858ರ ಮಾರ್ಚ್ 10ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್‌ನಲ್ಲಿ. ತಂದೆ ರಾಬರ್ಟ್ ಫೌಲರ್ ಪಾದ್ರಿ. ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಎಂಟು ಮಕ್ಕಳಲ್ಲಿ ಹೆನ್ರಿಯವರೇ ಹಿರಿಯರು. ಹೆಸರಾಂತ ರಗ್ಬಿ ಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಮಿಂಚಿದ ಈ ಹುಡುಗ, 1877ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು ಸೇರಿದರು. ಅಲ್ಲಿ ಗುರುಗಳ ನಿರೀಕ್ಷೆ ಈಡೇರಲಿಲ್ಲ. ದ್ವಿತೀಯ ದರ್ಜೆಯಲ್ಲಿ ಉತ್ತೀರ್ಣರಾದರು. ಕಡ್ಡಾಯವಾಗಿದ್ದ ಧರ್ಮಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಾರಣ 1881ರಲ್ಲಿ ಆಕ್ಸ್‌ಫರ್ಡ್ ತೊರೆದವರಿಗೆ ಪದವಿ ಕೈಗೆ ಬಂದದ್ದು 1886ರಲ್ಲಿ. ಈ ನಡುವೆ, 1879ರಲ್ಲಿ ತಂದೆ ತೀರಿಕೊಂಡಿದ್ದರು. ಹಿರಿಯ ಮಗನ ಹೆಗಲಿಗೆ ಸಂಸಾರದ ಹೊಣೆ ಬಿದ್ದಿತ್ತು.

1882ರಲ್ಲಿ ಫೌಲರ್ ಉತ್ತರ ಇಂಗ್ಲೆಂಡಿನ ಗುಡ್ಡಗಾಡಿನ ನಡುವೆ ಇರುವ ಸೆಡ್ಬರ್ ಶಾಲೆಗೆ ಅಧ್ಯಾಪಕರಾಗಿ ಹೋದರು. ಮುಂದಿನ ಹದಿನೇಳು ವರ್ಷ ಅದೇ ಅವರ ಪ್ರಪಂಚ. ಲ್ಯಾಟಿನ್, ಗ್ರೀಕ್, ಇಂಗ್ಲಿಷ್ ಬೋಧಿಸುತ್ತಿದ್ದರು. ಶಿಸ್ತಿನ ಮನುಷ್ಯ, ವಿದ್ಯಾರ್ಥಿಗಳಿಗೆ ಗೌರವವಿತ್ತು, ಸಲಿಗೆಯಿರಲಿಲ್ಲ. ಬಿಡುವಿನಲ್ಲಿ ಬೆಟ್ಟ ಹತ್ತುವುದು, ಓಡುವುದು, ತಣ್ಣೀರಿನಲ್ಲಿ ಈಜುವುದು ಅವರ ಹವ್ಯಾಸ. ಹೀಗೇ ನಿವೃತ್ತಿಯವರೆಗೆ ಸಾಗಬಹುದಾಗಿದ್ದ ಬದುಕಿಗೆ ತಿರುವು ಕೊಟ್ಟದ್ದು ಒಂದು ಬಡ್ತಿ.

ಆ ಕಾಲದ ಇಂಗ್ಲಿಷ್ ವಸತಿಶಾಲೆಗಳಲ್ಲಿ ವಿದ್ಯಾರ್ಥಿ ನಿಲಯವೊಂದರ ಮುಖ್ಯಸ್ಥರಾಗುವುದು ಅಧ್ಯಾಪಕರಿಗೆ ಬಹುದೊಡ್ಡ ಮೆಟ್ಟಿಲು. ಆ ಹುದ್ದೆಯೊಂದಿಗೆ ಹುಡುಗರನ್ನು ಕ್ರೈಸ್ತಮತದ ದೃಢೀಕರಣ ವಿಧಿಗೆ ಅಣಿಗೊಳಿಸುವ ಕರ್ತವ್ಯವೂ ಬರುತ್ತಿತ್ತು. ಪಾದ್ರಿಯ ಮಗನಾದರೂ ಫೌಲರ್ ಅವರಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ತಾವು ನಂಬದ್ದನ್ನು ಮಕ್ಕಳಿಗೆ ನಂಬಿಕೆಯೆಂದು ಹೇಳಿಕೊಡಲು ಅವರ ಮನಸ್ಸು ಒಪ್ಪಲಿಲ್ಲ. ಮುಖ್ಯೋಪಾಧ್ಯಾಯರು ನಿಯಮ ಸಡಿಲಿಸಲಿಲ್ಲ. ಇಬ್ಬರ ನಡುವೆ ಜಗಳವೇನೂ ಆಗಲಿಲ್ಲ. ಆದರೆ 1899ರಲ್ಲಿ ಫೌಲರ್ ರಾಜೀನಾಮೆ ಕೊಟ್ಟು ಹೊರನಡೆದರು. ಆಗ ಅವರಿಗೆ ನಲವತ್ತೊಂದು ವರ್ಷ. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಅರ್ಥವಿಲ್ಲದ ಮಾತನ್ನು ಬಾಯಲ್ಲಿ ಆಡಲಾರೆ ಎಂಬ ಈ ಹಟವೇ ಮುಂದೆ ಅವರ ಬರಹದ ಶಾಸ್ತ್ರಕ್ಕೂ ಅಡಿಗಲ್ಲಾಯಿತು.

ದ್ವೀಪದಲ್ಲಿ ಅಣ್ಣತಮ್ಮಂದಿರು

ನೌಕರಿ ಬಿಟ್ಟ ಫೌಲರ್ ಲಂಡನ್ನಿನ ಚೆಲ್ಸಿಯಲ್ಲಿ ಮನೆ ಮಾಡಿ ಪತ್ರಿಕೆಗಳಿಗೆ ಪ್ರಬಂಧ ಬರೆಯತೊಡಗಿದರು. ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. 1903ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಫ್ರಾನ್ಸಿನ ದಡಕ್ಕೆ ಸಮೀಪವಿರುವ ಗರ್ನ್ಸಿ ದ್ವೀಪಕ್ಕೆ ಹೊರಟುಹೋದರು. ಅಲ್ಲಿ ಅವರ ತಮ್ಮ ಫ್ರಾನ್ಸಿಸ್ ಜಾರ್ಜ್ ಫೌಲರ್ ಟೊಮೆಟೊ ಬೆಳೆಯುತ್ತಿದ್ದರು. ಮನೆಯವರಿಗೆ ಅವರು ಫ್ರಾಂಕ್. ಕೇಂಬ್ರಿಜ್‌ನಲ್ಲಿ ಓದಿದ್ದ, ಅಣ್ಣನಿಗಿಂತ ಹದಿಮೂರು ವರ್ಷ ಚಿಕ್ಕವರಾದ ಫ್ರಾಂಕ್ ಅವರಿಗೂ ಗ್ರೀಕ್, ಲ್ಯಾಟಿನ್ ಸಾಹಿತ್ಯದಲ್ಲಿ ಆಳವಾದ ಅಭಿರುಚಿಯಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಎರಡು ಪುಟ್ಟ ಕಲ್ಲಿನ ಮನೆಗಳು. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ತಮ್ಮ. ಬೆಳಿಗ್ಗೆ ಎದ್ದು ಸಮುದ್ರಕ್ಕೆ ಓಡಿಹೋಗಿ ಈಜಿ ಬಂದು ಹೆನ್ರಿ ಬರೆಯಲು ಕೂರುತ್ತಿದ್ದರು. ಕೆಲಸವನ್ನು ಇಬ್ಬರೂ ಹಂಚಿಕೊಂಡು ಬೇರೆ ಬೇರೆಯಾಗಿ ಮಾಡಿ, ಬಳಿಕ ಒಬ್ಬರದನ್ನು ಇನ್ನೊಬ್ಬರು ನಿರ್ದಾಕ್ಷಿಣ್ಯವಾಗಿ ತಿದ್ದುವುದು ಅವರ ಪದ್ಧತಿ.

ಮೊದಲ ಫಲ, ಲೂಷಿಯನ್ ಎಂಬ ಪ್ರಾಚೀನ ಗ್ರೀಕ್ ವಿಡಂಬನಕಾರನ ಕೃತಿಗಳ ಅನುವಾದ. 1905ರಲ್ಲಿ ಆಕ್ಸ್‌ಫರ್ಡ್ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಮರುವರ್ಷವೇ ಬಂದದ್ದು ‘ದಿ ಕಿಂಗ್ಸ್ ಇಂಗ್ಲಿಷ್’. ಈ ಪುಸ್ತಕದ ಉಪಾಯ ಸರಳವಾಗಿತ್ತು, ಧೈರ್ಯದ್ದೂ ಆಗಿತ್ತು. ವ್ಯಾಕರಣ ಪುಸ್ತಕಗಳು ತಾವೇ ಕಟ್ಟಿದ ಪೊಳ್ಳು ವಾಕ್ಯಗಳನ್ನು ತಪ್ಪಿನ ಮಾದರಿಯಾಗಿ ಕೊಡುತ್ತಿದ್ದವು. ಫೌಲರ್ ಸಹೋದರರು ಹಾಗೆ ಮಾಡಲಿಲ್ಲ. ಲಂಡನ್ನಿನ ‘ಟೈಮ್ಸ್’ನಂಥ ಪ್ರತಿಷ್ಠಿತ ಪತ್ರಿಕೆಗಳಿಂದ, ಥ್ಯಾಕರೆಯಂಥ ಹಿರಿಯ ಸಾಹಿತಿಗಳಿಂದ ನಿಜವಾದ ವಾಕ್ಯಗಳನ್ನು ಹೆಕ್ಕಿ, ಎಲ್ಲಿ ಎಡವಿದ್ದಾರೆ, ಏಕೆ ಎಡವಿದ್ದಾರೆ ಎಂದು ಬಿಡಿಸಿ ತೋರಿಸಿದರು. ಶಾಲಾ ಹುಡುಗನ ಉತ್ತರಪತ್ರಿಕೆಗೆ ಬೀಳುವ ಕೆಂಪು ಶಾಯಿ ದೊಡ್ಡವರ ಬರಹದ ಮೇಲೂ ಬಿದ್ದಿತು. ಓದುಗರು ಬೆರಗಾದರು, ಪುಸ್ತಕ ಜನಪ್ರಿಯವಾಯಿತು.

ಆ ಪುಸ್ತಕದ ಬಾಗಿಲಲ್ಲೇ ಅವರ ಬೋಧನೆಯ ಸಾರವಿದೆ. ಅಪರೂಪದ ಪದಕ್ಕಿಂತ ಪರಿಚಿತ ಪದವನ್ನು ಆರಿಸಬೇಕು. ಅಮೂರ್ತಕ್ಕಿಂತ ಮೂರ್ತ ಲೇಸು. ಸುತ್ತಿಬಳಸಿದ ನುಡಿಗಿಂತ ನೇರವಾದ ಒಂದು ಪದ ಲೇಸು. ಉದ್ದ ಪದಕ್ಕಿಂತ ಗಿಡ್ಡ ಪದ ಲೇಸು. ಲ್ಯಾಟಿನ್ ಮೂಲದ ಪದಕ್ಕಿಂತ ಇಂಗ್ಲಿಷಿನ ಹುಟ್ಟುಪದ ಲೇಸು. ಲ್ಯಾಟಿನ್ ಅರೆದು ಕುಡಿದವರೇ ಈ ಮಾತು ಹೇಳಿದ್ದು ಗಮನಾರ್ಹ.

ಕಾಮಾ ಎಂಬ ಪುಟ್ಟ ಗುರುತಿನ ಬೆಲೆ

ಫೌಲರ್ ಅವರಿಗೆ ವಿರಾಮ ಚಿಹ್ನೆ ಅಲಂಕಾರವಾಗಿರಲಿಲ್ಲ. ಕೆಲಸಕ್ಕೆ ಬರುವ ಉಪಕರಣವಾಗಿತ್ತು. ಕೆಲಸ ನಡೆಯುವಷ್ಟು ಮಾತ್ರ ಚಿಹ್ನೆ ಸಾಕು, ಚಿಹ್ನೆಗಳ ಊರುಗೋಲಿಲ್ಲದೆ ನಿಲ್ಲಲಾರದ ವಾಕ್ಯದ ಕಟ್ಟಡವೇ ಸರಿಯಿಲ್ಲ ಎಂಬುದು ಅವರ ನಿಲುವು. ಆದರೆ ಬೇಕಾದ ಕಡೆ ಅದಿಲ್ಲದಿದ್ದರೆ ಅರ್ಥವೇ ಬೇರೆಯಾಗುತ್ತದೆ.

ಕನ್ನಡದ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ‘ಮೈಸೂರಿನಲ್ಲಿರುವ ನನ್ನ ಅಣ್ಣ ಬಂದಿದ್ದಾನೆ’ ಎನ್ನುತ್ತೇವೆ. ನನಗಿರುವುದು ಒಬ್ಬನೇ ಅಣ್ಣ, ಅವನಿರುವುದು ಮೈಸೂರಿನಲ್ಲಿ ಎಂದು ಅರ್ಥವೇ? ಅಥವಾ ಹಲವು ಅಣ್ಣಂದಿರಲ್ಲಿ ಮೈಸೂರಿನವನು ಬಂದಿದ್ದಾನೆ ಎಂದೇ? ಕನ್ನಡದ ವಾಕ್ಯ ಎರಡಕ್ಕೂ ಒದಗುತ್ತದೆ. ಸಂದರ್ಭ ನೋಡಿ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಬರೆದ ಇಂಗ್ಲಿಷಿನಲ್ಲಿ ಈ ಭಾರವನ್ನು ಹೊರುವುದು ಕಾಮಾ. ಮೈಸೂರಿನಲ್ಲಿರುವ ಎಂಬ ಭಾಗವನ್ನು ಎರಡು ಕಾಮಾಗಳ ನಡುವೆ ಇಟ್ಟರೆ ಅದು ಹೆಚ್ಚುವರಿ ಮಾಹಿತಿ, ಅಣ್ಣ ಒಬ್ಬನೇ. ಕಾಮಾಗಳನ್ನು ತೆಗೆದರೆ ಆ ಭಾಗ ಯಾವ ಅಣ್ಣ ಎಂದು ಗುರುತಿಸುವ ಕೆಲಸ ಮಾಡುತ್ತದೆ, ಅಣ್ಣಂದಿರು ಹಲವರು. ಉಯಿಲಿನಲ್ಲೋ ಕರಾರುಪತ್ರದಲ್ಲೋ ಇಂಥ ಕಾಮಾದ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ವಸ್ತುಗಳ ವಿಷಯದಲ್ಲಿ ಈ ಭೇದವನ್ನು ಇನ್ನಷ್ಟು ನಿಚ್ಚಳಗೊಳಿಸಲು ಫೌಲರ್ ಒಂದು ಸಲಹೆ ಮುಂದಿಟ್ಟರು. ಗುರುತಿಸುವ ಉಪವಾಕ್ಯಕ್ಕೆ ‘ದಟ್’, ಹೆಚ್ಚುವರಿ ಮಾಹಿತಿ ಕೊಡುವ ಉಪವಾಕ್ಯಕ್ಕೆ ಕಾಮಾ ಸಹಿತ ‘ವಿಚ್’ ಬಳಸಿದರೆ ಗೊಂದಲ ತಪ್ಪುತ್ತದೆ ಎಂದರು. ಉತ್ತಮ ಲೇಖಕರೆಲ್ಲ ಹೀಗೆಯೇ ಬರೆಯುತ್ತಾರೆಂದು ಅವರು ಸುಳ್ಳು ಹೇಳಲಿಲ್ಲ. ಬಹುಮಂದಿ ಹಾಗೆ ಬರೆಯುತ್ತಿಲ್ಲ ಎಂದು ತಾವೇ ಒಪ್ಪಿಕೊಂಡರು. ಬರೆದರೆ ಒಳ್ಳೆಯದು ಎಂದಷ್ಟೇ ಹೇಳಿದರು. ಮುಂದೆ ಅಮೆರಿಕದ ಕೈಪಿಡಿಗಳು ಆ ಸಲಹೆಯನ್ನು ಕಟ್ಟುನಿಟ್ಟಿನ ಕಾನೂನನ್ನಾಗಿ ಮಾಡಿಕೊಂಡವು. ಅಲ್ಲಿಂದ ಅದು ಕಂಪ್ಯೂಟರಿನ ವ್ಯಾಕರಣ ತಪಾಸಣೆಗೂ ಇಳಿಯಿತು. ಬೆಂಗಳೂರಿನ ಕಚೇರಿಯೊಂದರಲ್ಲಿ ‘ವಿಚ್’ ಎಂದು ಟೈಪಿಸಿದ ಉದ್ಯೋಗಿಯ ಪರದೆಯ ಮೇಲೆ ಆ ಪದದ ಕೆಳಗೆ ಅಂಕುಡೊಂಕು ಗೆರೆ ಮೂಡಿದರೆ, ಅದರ ಎಳೆ ಹಿಡಿದು ಹೋದವರು ತಲುಪುವುದು ಗರ್ನ್ಸಿಯ ಆ ಕಲ್ಲಿನ ಮನೆಗಳಿಗೆ. ವ್ಯತ್ಯಾಸವಿಷ್ಟೇ: ಫೌಲರ್ ಕಾರಣ ಹೇಳುತ್ತಿದ್ದರು, ಗೆರೆ ಕಾರಣ ಹೇಳುವುದಿಲ್ಲ.

ನಿಘಂಟು, ಮದುವೆ, ಮಹಾಯುದ್ಧ

‘ದಿ ಕಿಂಗ್ಸ್ ಇಂಗ್ಲಿಷ್’ನ ಯಶಸ್ಸಿನ ಬಳಿಕ ಆಕ್ಸ್‌ಫರ್ಡ್ ಈ ಸಹೋದರರಿಗೆ ದೊಡ್ಡದೊಂದು ಹೊಣೆ ಒಪ್ಪಿಸಿತು. ಆಗ ಆಕ್ಸ್‌ಫರ್ಡಿನ ಮಹಾನಿಘಂಟು ಕಂತುಕಂತಾಗಿ ಹೊರಬರುತ್ತಿತ್ತು. ಅದರ ಆಧಾರದ ಮೇಲೆ ಸಾಮಾನ್ಯ ಓದುಗರಿಗೆ ಒಂದೇ ಸಂಪುಟದ ನಿಘಂಟು ಸಿದ್ಧಪಡಿಸಬೇಕಿತ್ತು. ಮಹಾನಿಘಂಟು ಪೂರ್ಣಗೊಂಡದ್ದು 1928ರಲ್ಲಿ. ಹಾಗಾಗಿ ಕೊನೆಯ ಅಕ್ಷರಗಳಿಗೆ ಬರುವ ವೇಳೆಗೆ ಸಹೋದರರಿಗೆ ಆ ಆಸರೆ ಇರಲಿಲ್ಲ. ನಿಘಂಟು ರಚನೆಯ ತರಬೇತಿಯೂ ಇಬ್ಬರಿಗಿರಲಿಲ್ಲ. ಆದರೂ 1911ರಲ್ಲಿ ‘ಕನ್ಸೈಸ್ ಆಕ್ಸ್‌ಫರ್ಡ್ ಡಿಕ್ಷನರಿ’ ಹೊರಬಂದಿತು. ಕ್ಲಿಷ್ಟ ಪದಗಳಿಗೆ ಅರ್ಥ ಕೊಟ್ಟು ಸುಮ್ಮನಾಗುವ ನಿಘಂಟು ಅದಾಗಿರಲಿಲ್ಲ. ದಿನಬಳಕೆಯ ಚಿಕ್ಕಪುಟ್ಟ ಪದಗಳು ಎಷ್ಟು ಬಗೆಯ ನುಡಿಗಟ್ಟುಗಳಲ್ಲಿ ಸೇರುತ್ತವೆ ಎಂಬುದನ್ನು ಪುಟಗಟ್ಟಲೆ ಪ್ರಯೋಗ ಸಹಿತ ತೋರಿಸಿತು. ಪರಭಾಷಿಕರಿಗೆ ಕಠಿಣವಾಗುವುದು ಅಂಥ ಪದಗಳೇ ಅಲ್ಲವೇ? ಭಾರತದಂಥ ದೇಶದಲ್ಲಿ ಆ ನಿಘಂಟು ನೆಲೆಯೂರಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಈ ನಡುವೆ ಹೆನ್ರಿಯವರ ಬಾಳಿನಲ್ಲಿ ಸಂತಸವೊಂದು ಬಂದಿತ್ತು. 1908ರ ಮಾರ್ಚ್ 10ರಂದು, ತಮ್ಮ ಐವತ್ತನೆಯ ಹುಟ್ಟುಹಬ್ಬದ ದಿನ, ಅವರು ಜೆಸ್ಸಿ ಮರಿಯನ್ ವಿಲ್ಸ್ ಎಂಬಾಕೆಯನ್ನು ವರಿಸಿದರು. ಜೆಸ್ಸಿ ಗರ್ನ್ಸಿಯಲ್ಲಿ ಶುಶ್ರೂಷಾಲಯ ನಡೆಸುತ್ತಿದ್ದರು. ಅಳೆದು ತೂಗಿ ಮಾತನಾಡುವ ಗಂಡ, ನಗುನಗುತ್ತ ಎಲ್ಲರೊಡನೆ ಬೆರೆಯುವ ಹೆಂಡತಿ. ಮಕ್ಕಳಾಗಲಿಲ್ಲ, ದಾಂಪತ್ಯ ಸುಖವಾಗಿತ್ತು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ತರುಣರು ಸೈನ್ಯಕ್ಕೆ ಸೇರಬೇಕೆಂದು ಹುರಿದುಂಬಿಸುವ ಕೆಲಸದಲ್ಲಿ ಹೆನ್ರಿ ಕೈಜೋಡಿಸಿದರು. ತಾವು ಮನೆಯಲ್ಲಿ ಬೆಚ್ಚಗಿದ್ದು ಇತರರನ್ನು ಸಾವಿನ ಬಾಯಿಗೆ ಕಳುಹಿಸುವುದು ಅವರಿಗೆ ಸರಿಕಾಣಲಿಲ್ಲ. 1915ರಲ್ಲಿ ತಾವೇ ಸಿಪಾಯಿಯಾಗಿ ಸೇರಲು ಹೊರಟರು. ವಯಸ್ಸು ಐವತ್ತೇಳು, ನೇಮಕಾತಿಯ ಮಿತಿಯನ್ನು ಎಂದೋ ದಾಟಿತ್ತು. ಅಲ್ಲಿ ಅವರು ನಲವತ್ತನಾಲ್ಕು ಎಂದು ಬರೆಸಿದರು! ನಂಬದ ಮಾತು ಆಡಬೇಕಾಗುತ್ತದೆಂದು ಹುದ್ದೆಯನ್ನೇ ತೊರೆದಿದ್ದ ಮನುಷ್ಯ, ತಮ್ಮ ಮಾತಿಗೆ ತಾವೇ ಬೆಲೆ ತೆರಬೇಕೆಂದು ಈ ಸುಳ್ಳು ಹೇಳಿದರು. ನಿತ್ಯದ ಓಟ, ಈಜುಗಳಿಂದ ಹುರಿಗೊಂಡಿದ್ದ ದೇಹ ಆ ಸುಳ್ಳಿಗೆ ಸಾಕ್ಷಿ ನುಡಿಯಿತು. ಫ್ರಾಂಕ್ ಕೂಡ ಅಣ್ಣನೊಂದಿಗೆ ಸೇರಿದರು.

ವರ್ಷದ ಕೊನೆಗೆ ಇಬ್ಬರೂ ಫ್ರಾನ್ಸ್ ತಲುಪಿದರು. ಅಲ್ಲಿ ಅವರಿಗೆ ಕಾದಿದ್ದು ನಿರಾಶೆ. ವಯಸ್ಸಾದವರೆಂದು ಅವರನ್ನು ರಣರಂಗದಿಂದ ಹಿಂದಕ್ಕೆ ಸರಿಸಿ ಪಾತ್ರೆ ತೊಳೆಯುವ, ಕಲ್ಲಿದ್ದಲು ಹೊರುವ ಕೆಲಸಕ್ಕೆ ಹಚ್ಚಲಾಯಿತು. ಹೋರಾಡಲು ಬಂದವರನ್ನು ಹೀಗೆ ನಡೆಸಿಕೊಳ್ಳುವುದು ನ್ಯಾಯವಲ್ಲವೆಂದು ಸಹೋದರರು ಮೇಲಧಿಕಾರಿಗೆ ಮನವಿ ಬರೆದರು. ನಿಘಂಟುಕಾರರಿಬ್ಬರು ಸೇರಿ ಬರೆದ ಆ ಮನವಿಯಲ್ಲಿ ಒಂದು ಪದವೂ ಹೆಚ್ಚುಕಡಿಮೆ ಇದ್ದಿರಲಾರದು. ಕಡೆಗೆ ಹೆನ್ರಿಯವರ ಆರೋಗ್ಯ ಕೆಟ್ಟು 1916ರಲ್ಲಿ ಅವರು ಸೈನ್ಯದಿಂದ ಬಿಡುಗಡೆಗೊಂಡರು. ಫ್ರಾಂಕ್ ಸೇವೆಯಲ್ಲಿದ್ದಾಗಲೇ ಕ್ಷಯರೋಗಕ್ಕೆ ತುತ್ತಾಗಿ 1918ರಲ್ಲಿ ತೀರಿಕೊಂಡರು. ಅವರಿಗೆ ಐವತ್ತೂ ತುಂಬಿರಲಿಲ್ಲ.

ಒಂಟಿ ಕೈಯ ಮಹಾಗ್ರಂಥ

ಇಂಗ್ಲಿಷ್ ಬಳಕೆಯ ಕುರಿತ ಗ್ರಂಥವನ್ನು ಅಣ್ಣತಮ್ಮಂದಿರು ಯುದ್ಧಕ್ಕೆ ಮೊದಲೇ ಕೂಡಿ ಯೋಜಿಸಿದ್ದರು. ಈಗ ಬರೆಯಲು ಉಳಿದದ್ದು ಒಬ್ಬರೇ. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದುವ ಪದ್ಧತಿ ಮುರಿದುಬಿದ್ದಿತ್ತು. ಹೆನ್ರಿ ಮೊದಲಿಗೆ ಇಬ್ಬರೂ ಆರಂಭಿಸಿದ್ದ ‘ಪಾಕೆಟ್ ಆಕ್ಸ್‌ಫರ್ಡ್ ಡಿಕ್ಷನರಿ’ಯನ್ನು ಮುಗಿಸಿದರು; 1924ರಲ್ಲಿ ಅದು ಪ್ರಕಟವಾಯಿತು. 1925ರಲ್ಲಿ ಗರ್ನ್ಸಿ ತೊರೆದು ಸಾಮರ್ಸೆಟ್ ಪ್ರಾಂತ್ಯದ ಹಿಂಟನ್ ಸೇಂಟ್ ಜಾರ್ಜ್ ಎಂಬ ಹಳ್ಳಿಯಲ್ಲಿ ನೆಲೆಸಿದರು. 1926ರಲ್ಲಿ ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ ಹೊರಬಂದಿತು. ಗ್ರಂಥವನ್ನು ತಮ್ಮನ ನೆನಪಿಗೆ ಅರ್ಪಿಸಿದ ಹೆನ್ರಿ, ಆತ ಬದುಕಿದ್ದರೆ ಇದು ಇನ್ನೂ ಉತ್ತಮ ಕೃತಿಯಾಗುತ್ತಿತ್ತೆಂದು ಆ ಅರ್ಪಣೆಯಲ್ಲಿ ಅರಿಕೆ ಮಾಡಿಕೊಂಡಿದ್ದಾರೆ.

ಇದು ಅಕಾರಾದಿ ಕ್ರಮದಲ್ಲಿದ್ದರೂ ಒಣ ನಿಘಂಟಲ್ಲ. ಸ್ಪೆಲಿಂಗ್, ಉಚ್ಚಾರಣೆ, ಹೈಫನ್, ಬಹುವಚನ, ವಿರಾಮ ಚಿಹ್ನೆ ಎಲ್ಲವೂ ಇಲ್ಲಿವೆ; ನಡುನಡುವೆ ಪುಟ್ಟ ಪ್ರಬಂಧಗಳೂ ಇವೆ. ಅವುಗಳ ಹಾಸ್ಯಕ್ಕಾಗಿಯೇ ಈ ಪುಸ್ತಕವನ್ನು ಕಾದಂಬರಿಯಂತೆ ಓದಿದವರಿದ್ದಾರೆ. ಇಲ್ಲಿ ಫೌಲರ್ ಮಾಡಿದ ಬಹುದೊಡ್ಡ ಕೆಲಸವೆಂದರೆ ಹುಸಿ ನಿಯಮಗಳ ಬೇಟೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದೆಂಬುದು ಅಂಥದ್ದೊಂದು. ಹದಿನೇಳನೆಯ ಶತಮಾನದ ಕವಿ ಡ್ರೈಡನ್ ಈ ಕಟ್ಟಳೆಗೆ ಮಣಿದು ತಮ್ಮ ಹಳೆಯ ಬರಹಗಳನ್ನೇ ತಿದ್ದಿಕೊಂಡಿದ್ದರು. ಅದು ಲ್ಯಾಟಿನ್ ವ್ಯಾಕರಣದ ನೆರಳು, ಇಂಗ್ಲಿಷಿನ ಜಾಯಮಾನಕ್ಕೆ ಅದರ ಹಂಗಿಲ್ಲ ಎಂದು ಫೌಲರ್ ಸಾರಿದರು.

‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತೂರಿಸಬಾರದೆಂಬುದು ಇನ್ನೊಂದು ಕಟ್ಟಳೆ. ‘ಟು ಅಂಡರ್‌ಸ್ಟ್ಯಾಂಡ್’ ಎಂಬುದನ್ನು ಒಡೆದು ‘ಟು ಫುಲ್ಲಿ ಅಂಡರ್‌ಸ್ಟ್ಯಾಂಡ್’ ಎಂದರೆ ಅದು ಮಹಾಪರಾಧವೆಂದು ಅನೇಕ ಮೇಷ್ಟರುಗಳು ಬೋಧಿಸಿದ್ದರು. ಈ ವಿಷಯದಲ್ಲಿ ಇಂಗ್ಲಿಷ್ ಬಲ್ಲವರನ್ನು ಫೌಲರ್ ಐದು ಪಂಗಡಗಳಾಗಿ ವಿಂಗಡಿಸಿದರು. ಅದೇನೆಂದು ತಿಳಿಯದೆ, ಚಿಂತೆಯೂ ಇಲ್ಲದೆ ಇರುವವರು ಸುಖಿಗಳು. ಅದೇನೆಂದು ತಿಳಿಯದೆಯೇ ಹೆದರಿ ಸಾಯುವವರು ಅಯ್ಯೋಪಾಪದವರು. ಉಳಿದವರು ತಿಳಿದು ಖಂಡಿಸುವವರು, ತಿಳಿದು ಮೆಚ್ಚುವವರು, ತಿಳಿದು ವಿವೇಚಿಸುವವರು. ಐದನೆಯ ಪಂಗಡವೇ ಲೇಸೆಂಬುದು ಅವರ ತೀರ್ಪು. ಸುಲಭವಾಗಿ ತಪ್ಪಿಸಬಹುದಾದರೆ ತಪ್ಪಿಸಬೇಕು. ತಪ್ಪಿಸಲು ಹೋಗಿ ಅರ್ಥ ಸಂದಿಗ್ಧವಾಗುವಂತಿದ್ದರೆ, ವಾಕ್ಯ ಸೊಟ್ಟಗಾಗುವಂತಿದ್ದರೆ ಧಾರಾಳವಾಗಿ ಒಡೆಯಬೇಕು.

ಪತ್ರಕರ್ತರ ಒಂದು ಚಾಳಿಗೆ ಅವರು ಹೆಸರನ್ನೇ ಇಟ್ಟರು. ಒಂದು ವಾಕ್ಯದಲ್ಲಿ ಚಕ್ರವರ್ತಿ ಎಂದವರು ಮುಂದಿನದರಲ್ಲಿ ಸಾರ್ವಭೌಮ ಎನ್ನುತ್ತಾರೆ, ಅದರ ಮುಂದಿನದರಲ್ಲಿ ಮಹಾಪ್ರಭು ಎನ್ನುತ್ತಾರೆ. ಬಂದವರು ಒಬ್ಬರೋ ಮೂವರೋ ಎಂದು ಓದುಗರು ತಲೆ ಕೆರೆದುಕೊಳ್ಳಬೇಕು. ಪದ ಮರುಕಳಿಸಬಾರದೆಂಬ ಶಾಲಾ ಪಾಠದ ಫಲವಿದು. ಫೌಲರ್ ಇದನ್ನು ‘ಎಲಿಗಂಟ್ ವೇರಿಯೇಷನ್’ ಎಂದು ಕರೆದು ಲೇವಡಿ ಮಾಡಿದರು. ಎಲ್ಲರಿಗೂ ತಿಳಿಯುವ ಇಂಗ್ಲಿಷ್ ಪದವಿರುವಾಗ ಫ್ರೆಂಚ್ ಪದ ಬಳಸಿ ಪಾಂಡಿತ್ಯ ತೋರಿಸುವುದು, ನೆರೆಯವರೆದುರು ಸಿರಿತನ ಮೆರೆಯುವಷ್ಟೇ ಅಸಭ್ಯವೆಂದೂ ಅವರು ತಿಳಿಹೇಳಿದರು. ವ್ಯಾಕರಣದ ಮಾತು ಇಲ್ಲಿ ನಡತೆಯ ಮಾತಾಗುತ್ತದೆ. ಓದುವವರಿಗೆ ತೊಂದರೆ ಕೊಡಬಾರದು, ಓದುವವರೆದುರು ಬೀಗಬಾರದು: ಅವರ ನೂರಾರು ನಿಯಮಗಳ ತಳದಲ್ಲಿರುವುದು ಇವೆರಡೇ.

ಎಡವಿದ ಕಡೆಗಳು

ಹಾಗೆಂದು ಫೌಲರ್ ಹೇಳಿದ್ದೆಲ್ಲ ಶಿಲಾಶಾಸನವಲ್ಲ. ಅನ್ಯರ ಮೂಢನಂಬಿಕೆಗಳನ್ನು ಅಟ್ಟಿದ ಅವರು ತಮ್ಮದೇ ಕೆಲವನ್ನು ಸಾಕಿಕೊಂಡಿದ್ದರು. ‘ಯು ಗಿವಿಂಗ್’ ಎಂಬಂಥ ಪ್ರಯೋಗ ಸಲ್ಲದು, ‘ಯುವರ್ ಗಿವಿಂಗ್’ ಎಂದೇ ಆಗಬೇಕೆಂದು ಹಟ ಹಿಡಿದರು. ಡೆನ್ಮಾರ್ಕಿನ ಭಾಷಾವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಇಂಗ್ಲಿಷ್ ಸಾಹಿತ್ಯದ ಉದ್ದಕ್ಕೂ ಹಿರಿಯ ಲೇಖಕರು ಆ ಪ್ರಯೋಗ ಮಾಡಿರುವುದನ್ನು ಎತ್ತಿ ತೋರಿಸಿ ವಾದಕ್ಕಿಳಿದರು. ಲ್ಯಾಟಿನ್ ನೆರಳನ್ನು ಓಡಿಸಿದವರ ಮೇಲೆಯೇ ಲ್ಯಾಟಿನ್ ನೆರಳು ಬಿದ್ದಿದೆ ಎಂಬ ಆಕ್ಷೇಪಕ್ಕೆ ಫೌಲರ್ ಒಳಗಾದರು. ಆದರೂ ಪಟ್ಟು ಸಡಿಲಿಸಲಿಲ್ಲ. ‘ಶಲ್’ ಮತ್ತು ‘ವಿಲ್’ ನಡುವಣ ಸೂಕ್ಷ್ಮ ಭೇದಕ್ಕೆ ‘ದಿ ಕಿಂಗ್ಸ್ ಇಂಗ್ಲಿಷ್’ನಲ್ಲಿ ಪುಟಗಟ್ಟಲೆ ಮೀಸಲಿಟ್ಟಿದ್ದರು. ದಕ್ಷಿಣ ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೆ ತಾನಾಗಿ ಒಲಿಯುವ, ಇತರರಿಗೆ ಎಷ್ಟು ಕಲಿತರೂ ಕೈಗೆ ಸಿಗದ ಆ ಭೇದ ಇಂದಿನ ಬಳಕೆಯಲ್ಲಿ ಬಹುಮಟ್ಟಿಗೆ ಅಳಿದುಹೋಗಿದೆ. ನಮ್ಮ ಹಿರಿಯರು ಶಾಲೆಯಲ್ಲಿ ಏಟು ತಿಂದು ಕಲಿತ ಆ ನಿಯಮವನ್ನು ಇಂದು ಯಾರೂ ಕೇಳುವುದಿಲ್ಲ. ಭಾಷೆ ತಿದ್ದುವವರನ್ನು ಗೌರವಿಸುತ್ತದೆ. ಆದರೆ ಅವರಿಗಾಗಿ ಕಾಯುವುದಿಲ್ಲ.

ಕೊನೆಯ ದಿನಗಳು

ಗ್ರಂಥದ ಕೀರ್ತಿ ಹಬ್ಬಿದರೂ ಫೌಲರ್ ಅವರ ದಿನಚರಿ ಬದಲಾಗಲಿಲ್ಲ. ಅರವತ್ತೆಂಟರ ವಯಸ್ಸಿನಲ್ಲಿ ಅವರಿಗೆ ಹೊಸ ನಿಘಂಟಿನ ಕೆಲಸ ಒಪ್ಪಿಸಿದ ಆಕ್ಸ್‌ಫರ್ಡ್ ಮುದ್ರಣಾಲಯ, ಮನೆಗೆಲಸಕ್ಕೊಬ್ಬ ಆಳಿನ ಸಂಬಳ ಕೊಡಲು ಮುಂದೆ ಬಂದಿತು. ಫೌಲರ್ ವಿನಯದಿಂದಲೇ ನಿರಾಕರಿಸಿದರು. ಬೆಳಗಿನ ಓಟ, ಈಜು, ಮನೆಯ ಸಣ್ಣಪುಟ್ಟ ಕೆಲಸ ಇವೇ ತಮ್ಮನ್ನು ಗಟ್ಟಿಯಾಗಿ ಇಟ್ಟಿವೆ, ಆಳು ಬಂದರೆ ಅವೆಲ್ಲ ಕೈಬಿಟ್ಟುಹೋಗುತ್ತವೆ ಎಂಬುದು ಅವರ ಉತ್ತರದ ತಾತ್ಪರ್ಯ. 1930ರಲ್ಲಿ ಪತ್ನಿ ಜೆಸ್ಸಿ ತೀರಿಕೊಂಡರು. ಮೂರು ವರ್ಷದ ಬಳಿಕ, 1933ರ ಡಿಸೆಂಬರ್ 26ರಂದು, ಹಿಂಟನ್ ಸೇಂಟ್ ಜಾರ್ಜ್‌ನಲ್ಲಿ ಹೆನ್ರಿ ಫೌಲರ್ ಕಣ್ಮುಚ್ಚಿದರು. ಆಗ ಅವರಿಗೆ ಎಪ್ಪತ್ತೈದು ವರ್ಷ.

ಪುಸ್ತಕ ಮಾತ್ರ ಬಾಳಿತು. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿ ದಾಳಿಯ ಯೋಜನೆಯನ್ನು ಓದುತ್ತಿದ್ದ ಪ್ರಧಾನಿ ಚರ್ಚಿಲ್, ‘ಇಂಟೆನ್ಸ್’ ಎಂದಿರಬೇಕಾದ ಕಡೆ ‘ಇಂಟೆನ್ಸಿವ್’ ಎಂದಿರುವುದನ್ನು ಕಂಡು, ಫೌಲರ್ ಓದಿ ತಿಳಿದುಕೊಳ್ಳುವಂತೆ ಸೇನೆಯ ಗುಪ್ತಚರ ವಿಭಾಗದ ನಿರ್ದೇಶಕರಿಗೆ ಸೂಚಿಸಿದ್ದರು. 1965ರಲ್ಲಿ ಅರ್ನೆಸ್ಟ್ ಗವರ್ಸ್, 1996ರಲ್ಲಿ ರಾಬರ್ಟ್ ಬರ್ಚ್‌ಫೀಲ್ಡ್, 2015ರಲ್ಲಿ ಜೆರೆಮಿ ಬಟರ್‌ಫೀಲ್ಡ್ ಅದನ್ನು ಪರಿಷ್ಕರಿಸಿದರು. ಪರಿಷ್ಕರಣೆಗಳು ಬಂದರೂ ಮೂಲದ ಸೊಗಸನ್ನು ಬಯಸುವವರು ಇದ್ದೇ ಇದ್ದುದರಿಂದ 1926ರ ಆವೃತ್ತಿಯನ್ನೇ 2009ರಲ್ಲಿ ಮತ್ತೆ ಅಚ್ಚು ಹಾಕಲಾಯಿತು.

ಇಂದು ಕಾಮಾ ಹಾಕಲು, ಸ್ಪೆಲಿಂಗ್ ತಿದ್ದಲು ಯಂತ್ರಗಳಿವೆ. ಕ್ಷಣಾರ್ಧದಲ್ಲಿ ಅವು ನಮ್ಮ ಪತ್ರವನ್ನು ನುಣುಪಾಗಿಸಿ ಕೊಡುತ್ತವೆ. ಆದರೂ ನಮ್ಮ ಅಳುಕು ಕಳೆದಿಲ್ಲ. ಮೇಷ್ಟರ ಬೆತ್ತದ ಜಾಗಕ್ಕೆ ಪರದೆಯ ಗೆರೆ ಬಂದಿದೆ, ಅಷ್ಟೇ. ಕಾರಣ ತಿಳಿಯದ ನಿಯಮ ಹೆದರಿಕೆಯನ್ನು ಹುಟ್ಟಿಸುತ್ತದೆ. ಕಾರಣ ತಿಳಿದ ನಿಯಮವನ್ನು ಪಾಲಿಸಲೂಬಹುದು, ಬೇಕಾದಾಗ ಮುರಿಯಲೂಬಹುದು. ಹೆನ್ರಿ ಫೌಲರ್ ಇಂಗ್ಲಿಷ್ ಬರೆಯುವವರಿಗೆ ಕೊಟ್ಟದ್ದು ಆ ಧೈರ್ಯ. ಇಲ್ಲಿ ಕಾಮಾ ಬೇಕೇ ಎಂಬ ಅಳುಕು ಇನ್ನೊಮ್ಮೆ ಎದ್ದಾಗ, ಯಾರು ನಕ್ಕಾರೆಂದು ಯೋಚಿಸಬೇಕಿಲ್ಲ. ಓದುವವರಿಗೆ ಅರ್ಥ ಒಂದೇ ಸಲಕ್ಕೆ ತಲುಪೀತೇ ಎಂದು ಕೇಳಿಕೊಂಡರೆ ಸಾಕು. ಹೈಫನ್ ಮುಂದೆ ಕುಳಿತಾಗಲೂ ಆ ಮೇಷ್ಟರು ಕೇಳಿಕೊಳ್ಳುತ್ತಿದ್ದುದು ಅದನ್ನೇ.